ಜನರಲ್ ಹಾಸ್ಪಿಟಲ್: ಹೆಸರಿಗೆ ಆಸ್ಪತ್ರೆ, ಜಗಳವೆಲ್ಲ ಕೋರ್ಟಿನಲ್ಲಿ

1963ರ ಏಪ್ರಿಲ್ 1ರಿಂದ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಹಗಲು ಹೊತ್ತು ಬರುತ್ತಿರುವ ಧಾರಾವಾಹಿ. ಮೊದಲಿಂದ ನೋಡುವ ಹಟ ಬೇಡ. ವಕೀಲೆ ಅಲೆಕ್ಸಿಸ್ ಡೇವಿಸ್‌ಳ ಸಂಸಾರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಅರ್ಧ ಗೋಜಲು ಬಿಡಿಸಿದಂತೆ. ಮೂವರು ಹೆಣ್ಣುಮಕ್ಕಳು, ಅಪ್ಪಂದಿರೂ ಮೂವರು: ಸ್ಯಾಮ್‌ಗೆ ಜೂಲಿಯನ್, ಕ್ರಿಸ್ಟಿನಾಗೆ ಪಾತಕಲೋಕದ ದೊರೆ ಸನ್ನಿ, ಮೋಲಿಗೆ ರಿಕ್. ಈ ರಿಕ್, ಸನ್ನಿಯ ತಾಯಿಗೇ ಹುಟ್ಟಿದ ತಮ್ಮ, ಅವನೂ ವಕೀಲ. ಹಾಗಾಗಿ ಕ್ರಿಸ್ಟಿನಾ, ಮೋಲಿ ಅಮ್ಮನ ಕಡೆಯಿಂದ ಅಕ್ಕತಂಗಿ, ಅಪ್ಪಂದಿರ ಕಡೆಯಿಂದ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು. ನಮ್ಮ ಲೆಕ್ಕದಲ್ಲಿ ಎರಡೂ ಒಂದೇ ಬಿಡಿ!

ಕೋರ್ಟಿನ ದೃಶ್ಯಗಳಲ್ಲಿ ಮಾತು ಚುರುಕು, ಕಾನೂನು ಸಡಿಲ. ನಿಜದಲ್ಲಿ ತಿಂಗಳುಗಟ್ಟಲೆ ಎಳೆಯುವ ಕೊಲೆ ಕೇಸು ಇಲ್ಲಿ ಕೆಲವೇ ವಾರಗಳಲ್ಲಿ ತೀರ್ಪಿಗೆ ಬರುತ್ತದೆ. ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ, ಅಂದರೆ ಜ್ಯೂರಿಯ ಆಯ್ಕೆಯನ್ನು ಹೆಚ್ಚುಕಮ್ಮಿ ಹಾರಿಸಿಬಿಡುತ್ತಾರೆ. ಪಟ್ಟಿಯಲ್ಲಿಲ್ಲದ ಸಾಕ್ಷಿ ಬಾಗಿಲು ತಳ್ಳಿಕೊಂಡು ಒಳಬಂದರೂ ನ್ಯಾಯಾಧೀಶರು ಸುಮ್ಮನಿರುತ್ತಾರೆ. ರಕ್ತಸಂಬಂಧವೋ ಹಳೇ ಪ್ರೇಮವೋ ತಮ್ಮ ವಾದಕ್ಕೆ ಅಡ್ಡಬರುವಂತಿದ್ದರೆ ವಕೀಲರು ಕಕ್ಷಿದಾರನ ಒಪ್ಪಿಗೆ ಪಡೆಯಬೇಕು, ಇಲ್ಲವೇ ಕೇಸಿನಿಂದ ಹಿಂದೆ ಸರಿಯಬೇಕು. ಆ ನಿಯಮ ಕಟ್ಟುನಿಟ್ಟಾಗಿ ಪಾಲಿಸಿದರೆ ಕಥೆ ನಡೆಯುವ ಈ ಊರಲ್ಲಿ ವಾದ ಮಾಡಲು ಯಾರೂ ಉಳಿಯುವುದಿಲ್ಲ. ಆದರೂ ವಕೀಲೆ ಡಯಾನ್ ಮಿಲ್ಲರ್ ಪಾಟೀಸವಾಲಿಗೆ ಎದ್ದರೆ ರಿಮೋಟ್ ಮುಟ್ಟಬೇಡಿ. ಪಾತ್ರಧಾರಿ ಕ್ಯಾರೊಲಿನ್ ಹೆನಸಿ ಹುಬ್ಬು ಏರಿಸಿಯೇ ಸಾಕ್ಷಿಯ ಬೆವರಿಳಿಸುತ್ತಾರೆ.

ವಾರಕ್ಕೆ ಐದು ಕಂತು. ಬಿಡುವಿಲ್ಲದವರು ಶುಕ್ರವಾರದ್ದೊಂದು ನೋಡಿ, ಗುಟ್ಟು ಒಡೆಯುವುದು ಹೆಚ್ಚಾಗಿ ಅಂದೇ.