ಎರಡು ಹಲಗೆ, ನಾಲ್ಕು ಆಂಪ್

ನಮ್ಮ ಹಾಲ್‌ಗೆ ಬಂದವರೆಲ್ಲ ಮೊದಲು ಕೇಳುವುದು, "ಇದೇನ್ರೀ, ಬಟ್ಟೆ ಬದಲಿಸೋ ಮರೆನಾ?" ಅಂತ. ಮ್ಯಾಗ್ನೆಪ್ಯಾನ್ ಎಲ್‌ಆರ್‌ಎಸ್ ಅನ್ನುವ ಈ ಸ್ಪೀಕರ್ ಜೋಡಿ ಕಾಣುವುದೇ ಹಾಗೆ. ನಾಲ್ಕು ಅಡಿ ಎತ್ತರ, ಅಡಿಗಿಂತ ತುಸು ಜಾಸ್ತಿ ಅಗಲ, ದಪ್ಪ ಒಂದೇ ಇಂಚು. ಡಬ್ಬಿ ಇಲ್ಲ, ಕೋನ್ ಇಲ್ಲ. ತೆಳು ಹಾಳೆಗೆ ಲೋಹದ ಪಟ್ಟಿ ಅಂಟಿಸಿ, ಅಯಸ್ಕಾಂತಗಳ ಎದುರು ಹಾಳೆಯನ್ನೇ ಅಲುಗಿಸುವ ಜಾತಿ. 2019ರಲ್ಲಿ ಬಂದಾಗ ಅಮೆರಿಕದಲ್ಲಿ ಜೋಡಿಗೆ 650 ಡಾಲರ್. ಹೈ-ಎಂಡ್ ಲೋಕದಲ್ಲಿ ಇದು ಅಗ್ಗ. ನಾನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಇದನ್ನು ನುಡಿಸಲು ಆಂಪ್ (ಆಂಪ್ಲಿಫೈಯರ್) ಹುಡುಕಲು ಹೊರಟಾಗ ಗೊತ್ತಾಯಿತು, ಮೂಗಿಗಿಂತ ಮೂಗುತಿ ಭಾರ.

ಇದರ ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟು ಕರೆಂಟ್‌ಗೆ ಎಷ್ಟು ಸದ್ದು ಮಾಡುತ್ತದೆ ಅನ್ನುವ ಲೆಕ್ಕ, 86 ಡೆಸಿಬಲ್. ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಆದರೆ ಅಳೆದಿರುವುದು 2.83 ವೋಲ್ಟ್‌ಗೆ. 8 ಓಮ್ ಸ್ಪೀಕರ್‌ಗೆ (ಓಮ್ ಅಂದರೆ ಕರೆಂಟ್‌ಗೆ ಒಡ್ಡುವ ತಡೆ) ಅಷ್ಟು ವೋಲ್ಟ್ ಕೊಟ್ಟರೆ 1 ವಾಟ್. ಇದು 4 ಓಮ್, ಹಾಗಾಗಿ 2 ವಾಟ್ ತಿಂದು 86 ಕೊಡುತ್ತದೆ. ವಾಟ್ ಅರ್ಧ ಆದರೆ 3 ಡೆಸಿಬಲ್ ಇಳಿಯುತ್ತದೆ, ಹಾಗಾಗಿ 1 ವಾಟ್ ಲೆಕ್ಕಕ್ಕೆ ಬರೀ 83. ಸಾಮಾನ್ಯ 88 ಡೆಸಿಬಲ್‌ನ 8 ಓಮ್ ಸ್ಪೀಕರ್ 10 ವಾಟ್‌ನಲ್ಲಿ ಮಾಡುವ ಸದ್ದಿಗೆ ಇದು 30ಕ್ಕೂ ಜಾಸ್ತಿ ಬೇಡುತ್ತದೆ. ಮೇಲಾಗಿ ಅದೇ ವೋಲ್ಟೇಜ್‌ಗೆ ಎರಡು ಪಟ್ಟು ಕರೆಂಟ್ ಎಳೆಯುತ್ತದೆ. ಒಂದೇ ಸಮಾಧಾನ: ಕೆಲವು ದೊಡ್ಡ ಸ್ಪೀಕರ್‌ಗಳ ಹಾಗೆ ಬಾಸ್ ಬಂದ ಕೂಡಲೇ 2 ಓಮ್‌ಗೆ ಕುಸಿಯುವುದಿಲ್ಲ.

ಮೊದಲು ಮನೆಯಲ್ಲೇ ಇದ್ದ ಹೋಮ್ ಥಿಯೇಟರ್ ರಿಸೀವರ್. ಮುಂದೆ ದಪ್ಪಕ್ಷರದಲ್ಲಿ 100 ವಾಟ್. ಹಿಂದೆ ಸಣ್ಣಕ್ಷರದಲ್ಲಿ, 6 ಓಮ್‌ಗಿಂತ ಕಡಿಮೆ ಬೇಡ. ನಾನು ಹಿಂದೆ ನೋಡಿರಲಿಲ್ಲ. ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿ ವಾಲ್ಯೂಮ್ ತಿರುಗಿಸಿದ್ದೇ ತಡ, ಟಕ್ ಅಂತ ಪ್ರೊಟೆಕ್ಷನ್‌ಗೆ ಹೋಗಿ, ಸುಟ್ಟುಹೋಗದಿರಲು ತಾನೇ ಬಾಯಿ ಮುಚ್ಚಿತು. ಮೂರು ಸಲ. ನಾಲ್ಕನೇ ಸಲ ನಾನೇ ಬಿಟ್ಟೆ.

ಆಮೇಲೆ ಪಿ.ಜೆ. ಬಡಾವಣೆಯ ಗೆಳೆಯರ ವಾಲ್ವ್ ಆಂಪ್. ಕೆಟಿ88 ಅನ್ನುವ ಗಾಜಿನ ವಾಲ್ವ್‌ಗಳು ಜೋಡಿಯಾಗಿ ದುಡಿಯುವ ಪುಶ್-ಪುಲ್, 40 ವಾಟ್. ಹಿಂದಿನ 4 ಓಮ್ ಟ್ಯಾಪ್‌ಗೆ (4 ಓಮ್ ಸ್ಪೀಕರ್‌ಗೆ ಅಂತಲೇ ಇರುವ ಜೋಡಣೆ) ತಂತಿ ಹಾಕಿ, ರಾತ್ರಿ ಹತ್ತರ ಮೇಲೆ ಮಲ್ಲಿಕಾರ್ಜುನ ಮನ್ಸೂರರನ್ನು ಸಣ್ಣ ದನಿಯಲ್ಲಿ ಹಾಕಿದೆ. ಏನು ಹೇಳಲಿ! ದನಿ ಹಲಗೆ ಬಿಟ್ಟು ಹಾಲ್ ನಡುವೆ ಬಂದು ಕೂತಿತು. ತಾನ್ ಮುಗಿಸಿ ಉಸಿರು ಎಳೆದುಕೊಳ್ಳುವುದೂ ಕೇಳಿತು. ಆದರೆ ತಬಲಾದ ಡಗ್ಗಾ ಮೆತ್ತಗೆ, ದಿಂಬಿನ ಮೇಲೆ ಬಾರಿಸಿದ ಹಾಗೆ. ವಾಲ್ಯೂಮ್ ಏರಿಸಿದರೆ ಎಲ್ಲ ಸೇರಿ ಒಂದೇ ಮುದ್ದೆ. ಇನ್ನು ಸೆಕೆ. ದಾವಣಗೆರೆಯ ಏಪ್ರಿಲ್‌ನಲ್ಲಿ ವಾಲ್ವ್ ಆಂಪ್ ಹಚ್ಚುವುದೂ ಒಂದೇ, ಮಂಡಕ್ಕಿ ಭಟ್ಟಿ ಪಕ್ಕ ಕೂರುವುದೂ ಒಂದೇ. ಫ್ಯಾನ್ ಹಾಕಿದರೆ ಮನ್ಸೂರರ ಜೊತೆ ಅದರದ್ದೂ ಶ್ರುತಿ. ಕರೆಂಟ್ ಹೋಗಿ ನಮ್ಮ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಬಿದ್ದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಿತ್ತು.

ಮೂರನೆಯದು ಚಿತ್ರದುರ್ಗದಿಂದ ಕಾರ್ ಡಿಕ್ಕಿಯಲ್ಲಿ ಸುಮಾರು 60 ಕಿಲೋಮೀಟರ್ ಬಂದ ಕ್ಲಾಸ್ ಎಬಿ ಪವರ್ ಆಂಪ್, ವಾಲ್ವ್ ಬದಲು ಟ್ರಾನ್ಸಿಸ್ಟರ್‌ನದ್ದು. 28 ಕೆಜಿ. ಮೆಟ್ಟಿಲು ಹತ್ತಿಸಲು ಇಬ್ಬರು. 8 ಓಮ್‌ಗೆ 100 ವಾಟ್, 4 ಓಮ್‌ಗೆ 200. ಓಮ್ ಅರ್ಧ ಆದಾಗ ವಾಟ್ ಎರಡರಷ್ಟಾಯಿತು ಅಂದರೆ ಪವರ್ ಸಪ್ಲೈ ಕರೆಂಟ್‌ಗೆ ಹಿಂಜರಿಯುವುದಿಲ್ಲ ಅಂತ. ಡಗ್ಗಾ ಎದ್ದು ನಿಂತಿತು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವ ದನಿ) ಎಲ್ಲಿ ಹೊರಟು ಎಲ್ಲಿ ನಿಂತಿತು ಅನ್ನುವುದು ಗೆರೆ ಎಳೆದ ಹಾಗೆ ಕೇಳಿತು. ನನ್ನ ಹುಡುಕಾಟ ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ಕೊನೆಯದು ನೆದರ್‌ಲ್ಯಾಂಡ್ಸ್‌ನ ಹೈಪೆಕ್ಸ್ ಕಂಪನಿಯ ಎನ್‌ಕೋರ್ ಮಾಡ್ಯೂಲ್ ಇರುವ ಕ್ಲಾಸ್ ಡಿ, ಸ್ವಿಚ್ ಹಾಗೆ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಜಾತಿ. 4 ಓಮ್‌ಗೆ 250 ವಾಟ್. ಒಂದೇ ಕೈಯಲ್ಲಿ ಎತ್ತಬಹುದು. ಎತ್ತಿದ ಕೂಡಲೇ ನನಗೆ ಅನುಮಾನ ಬಂತು. ಆಂಪ್ ಅಂದರೆ ತೂಕ ಅಂತ ನಂಬಿ ಬೆಳೆದವನು ನಾನು. ಅದಕ್ಕೇ ಇದೊಂದನ್ನು ಸರಿಯಾಗಿ ಪರೀಕ್ಷೆ ಮಾಡಿದೆ. ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಇಟ್ಟು, ಎಬಿ, ಡಿ ಎರಡೂ ಆಂಪ್‌ನ ವೋಲ್ಟೇಜ್ ಸಮ ಮಾಡಿದೆ. ಚೂರೇ ಚೂರು ಜೋರಾಗಿರುವುದು ಕಿವಿಗೆ 'ಚೆನ್ನಾಗಿದೆ' ಅಂತಲೇ ಕೇಳುತ್ತದೆ, ಆ ಮೋಸ ಬೇಡ. ಮಗಳು ನನ್ನ ಬೆನ್ನ ಹಿಂದೆ ತಂತಿ ಬದಲಿಸಿದಳು. ಯಾವುದು ಯಾವುದು ಅಂತ ಹತ್ತು ಸಲ ಹೇಳಿದೆ. ಆರು ಸರಿ. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತಿತ್ತು ಅಂತ ಅವಳು ನಕ್ಕಳು.

ಡೊಳ್ಳಿನ ತಳದ ಗುಡುಗು ಮಾತ್ರ ಯಾವುದರಲ್ಲೂ ಬರಲಿಲ್ಲ. 50 ಹರ್ಟ್ಜ್ ಕೆಳಗೆ ಈ ಹಲಗೆಗೇ ಶಕ್ತಿ ಇಲ್ಲ, ಆಂಪ್ ಏನು ಮಾಡೀತು? ಇನ್ನೊಂದು ಮಾತು. ಇವು ಹಿಂದಕ್ಕೂ ಅಷ್ಟೇ ಸದ್ದು ಬಿಡುತ್ತವೆ. ಗೋಡೆಯಿಂದ ಮೂರು ಅಡಿ ಮುಂದೆ ತಂದಾಗ ಆದ ಬದಲಾವಣೆ, ಎಬಿಗೂ ಡಿಗೂ ಇದ್ದ ವ್ಯತ್ಯಾಸಕ್ಕಿಂತ ಎಷ್ಟೋ ಜಾಸ್ತಿ. ಅಡುಗೆಮನೆಗೆ ಹೋಗುವ ದಾರಿ ಅರ್ಧ ಮುಚ್ಚಿತು, ಅದು ಬೇರೆ ಜಗಳ.

28 ಕೆಜಿಯದ್ದು ದುರ್ಗಕ್ಕೆ ವಾಪಸ್ ಹೋಯಿತು. ಕ್ಲಾಸ್ ಡಿ ಉಳಿಯಿತು, ಮುಟ್ಟಿದರೆ ಬರೀ ಬೆಚ್ಚಗಿರುತ್ತದೆ. ಕೆಟಿ88 ಗೆಳೆಯರು ಮೊನ್ನೆ ಫೋನ್ ಮಾಡಿ, ಮತ್ತೆ ತರಲಾ ಅಂದರು. ಡಿಸೆಂಬರ್ ಬರಲಿ ಅಂದಿದ್ದೇನೆ.