ಹಳಬನನ್ನು ಕಥೆಗೆ ತರುವ ಮೂರು ದಾರಿ

ಡೇಟಿಂಗ್, ಹಳೇ ಪ್ರೀತಿ, ಗೆಳೆತನ ಮೂರನ್ನೂ ಹೆಣೆಯುವ ರೊಮ್ಯಾಂಟಿಕ್ ಕಾಮಿಡಿ ಬರೆಯಲು ಕುಳಿತವರನ್ನು ಮೊದಲು ಕಾಡುವ ಪ್ರಶ್ನೆ ಒಂದೇ. ಹಳೆಯದನ್ನು ಎಷ್ಟು ತೋರಿಸಬೇಕು, ಯಾವಾಗ ತೋರಿಸಬೇಕು? ನಾಯಕಿ, ಅವಳು ಈಗಷ್ಟೇ ಭೇಟಿಯಾಗುತ್ತಿರುವ ಹೊಸಬ, ಏಳು ವರ್ಷದ ಹಿಂದೆ ಬಿಟ್ಟುಹೋಗಿ ಈಗ ಮರಳಿದ ಹಳಬ, ಜೊತೆಗೊಬ್ಬಳು ಗೆಳತಿ: ಈ ನಾಲ್ವರ ಕಥೆಯನ್ನೇ ಮೂರು ಬಗೆಯಲ್ಲಿ ಬರೆದು, ಗಟ್ಟಿಯಾಗಿ ಓದಿಸಿ ನೋಡಿದ ಮೇಲೆ ಮಾಡಿದ ಹೋಲಿಕೆ ಇದು. ಮೊದಲ ದಾರಿ, ಹಳೇ ಪ್ರೀತಿಯನ್ನು ಆರಂಭದಲ್ಲೇ ತೋರಿಸಿ ‘ಏಳು ವರ್ಷಗಳ ನಂತರ’ ಎಂದು ಮುಂದಕ್ಕೆ ಹಾರುವುದು. ಎರಡನೆಯದು, ನಡುನಡುವೆ ಫ್ಲ್ಯಾಶ್‌ಬ್ಯಾಕ್. ಮೂರನೆಯದರಲ್ಲಿ ಹಳೆಯದು ತೆರೆಯ ಮೇಲೆ ಬರುವುದೇ ಇಲ್ಲ, ಬರೀ ಮಾತಿನಲ್ಲಿ ಬರುತ್ತದೆ.

ಮೂರಕ್ಕೂ ಅಳತೆ ಒಂದೇ ಇಟ್ಟಿದ್ದೇವೆ. ಒಟ್ಟು 110 ನಿಮಿಷ, ಹಳಬ ಈಗಿನ ಕಥೆಯೊಳಗೆ ಕಾಲಿಡುವುದು 22ನೇ ನಿಮಿಷದ ಸುಮಾರಿಗೆ, ಎಲ್ಲರೂ ಎಲ್ಲರಿಂದ ದೂರವಾಗುವುದು 80ನೇ ನಿಮಿಷದ ಹೊತ್ತಿಗೆ. ಪುಟಕ್ಕೊಂದು ನಿಮಿಷ ಎಂಬ ಲೆಕ್ಕವನ್ನು ಇಲ್ಲಿ ನಂಬಬೇಡಿ. ಅದು 12 ಪಾಯಿಂಟಿನ ಕೊರಿಯರ್ ಎಂಬ ಫಾಂಟಿನಲ್ಲಿ ಬರೆದ ಇಂಗ್ಲಿಷ್ ಚಿತ್ರಕಥೆಗೆ ಹೊಂದುವ ಅಂದಾಜು. ಕನ್ನಡ ಲಿಪಿಯಲ್ಲಿ ಫಾಂಟ್ ಬದಲಾದರೆ ಪುಟದ ಲೆಕ್ಕವೂ ಬದಲಾಗುತ್ತದೆ. ಸ್ಟಾಪ್‌ವಾಚ್ ಹಿಡಿದು ಓದುವುದೊಂದೇ ಸರಿಯಾದ ಅಳತೆ.

ಹೋಲಿಸಲು ಎಲ್ಲದರಲ್ಲೂ ಒಂದೇ ದೃಶ್ಯ ಆರಿಸಿದೆವು: ಹಳಬ ಬಂದು, ಇಬ್ಬರೂ ಒಂದು ಕಾಲದಲ್ಲಿ ಬಾಡಿಗೆಗಿದ್ದ ಮನೆಯ ಕೀಲಿಯನ್ನು ಅವಳ ಕೈಗೆ ಹಿಂದಿರುಗಿಸುತ್ತಾನೆ.

ಮೊದಲೇ ತೋರಿಸುವ ದಾರಿ ಬರೆಯಲು ಎಲ್ಲಕ್ಕಿಂತ ಸುಲಭ, ಸರಿಪಡಿಸಲು ಎಲ್ಲಕ್ಕಿಂತ ಕಷ್ಟ. ಎಂಟು ನಿಮಿಷದ ಪೀಠಿಕೆಯಲ್ಲಿ ಇಬ್ಬರೂ ಆ ಮನೆಗೆ ಬೀಗ ಹಾಕಿ ಹೊರಬರುವುದನ್ನು ಪ್ರೇಕ್ಷಕ ನೋಡಿರುತ್ತಾನೆ. ಆಮೇಲೆ ಕೀಲಿ ಕಂಡ ಕೂಡಲೇ ಮನಸ್ಸು ಕರಗುತ್ತದೆ, ವಿವರಣೆ ಬೇಕಿಲ್ಲ. ತೊಂದರೆ ಇರುವುದೂ ಅಲ್ಲೇ. ಮೊದಲು ಕಂಡ ಜೋಡಿಯೇ ಜೋಡಿ ಎಂದು ಪ್ರೇಕ್ಷಕ ಆಗಲೇ ತೀರ್ಮಾನಿಸಿಬಿಟ್ಟಿರುತ್ತಾನೆ. ಹೊಸಬ ಎಷ್ಟೇ ಒಳ್ಳೆಯವನಾಗಲಿ, ಎಷ್ಟೇ ನಗಿಸಲಿ, ದಾರಿಗೆ ಅಡ್ಡ ಕುಳಿತವನಂತೆಯೇ ಕಾಣುತ್ತಾನೆ. ಓದು ಮುಗಿದಾಗ ಹೊಸಬನ ದೃಶ್ಯಗಳು ‘ಉದ್ದವಾಯಿತು’ ಎಂಬ ಮಾತು ಬಂದರೆ ಅವುಗಳಿಗೆ ಕತ್ತರಿ ಹಾಕಲು ಹೊರಡಬೇಡಿ, ಕತ್ತರಿಸಬೇಕಾದದ್ದು ಪೀಠಿಕೆಯನ್ನು.

ಎಂಟು ನಿಮಿಷವನ್ನು ಎರಡಕ್ಕೆ ಇಳಿಸಿದಾಗ ಈ ದಾರಿ ಚೇತರಿಸಿಕೊಂಡಿತು. ಸುಖದ ದಿನಗಳನ್ನು ಪೂರ್ತಿ ಬಿಟ್ಟು, ಮುರಿದುಬಿದ್ದ ಗಳಿಗೆಯನ್ನಷ್ಟೇ ಇಟ್ಟುಕೊಳ್ಳಬೇಕು, ಆ ಗಳಿಗೆಯಲ್ಲಿ ನಾಯಕಿಯದ್ದೂ ಅರ್ಧ ತಪ್ಪಿರಬೇಕು. ಇದಕ್ಕೆ 1940ರ ‘ದಿ ಫಿಲಡೆಲ್ಫಿಯಾ ಸ್ಟೋರಿ’ಗಿಂತ ಒಳ್ಳೆಯ ಪಾಠವಿಲ್ಲ. ಗಂಡ ಮನೆ ಬಿಟ್ಟು ಹೊರಡುತ್ತಾನೆ, ಹೆಂಡತಿ ಅವನ ಗಾಲ್ಫ್ ಕೋಲನ್ನು ಮುರಿಯುತ್ತಾಳೆ, ಅವನು ಅವಳ ಮುಖಕ್ಕೆ ಕೈಯಿಟ್ಟು ತಳ್ಳುತ್ತಾನೆ. ಮಾತೇ ಇಲ್ಲದ ಇಷ್ಟು ಮುಗಿದ ಮೇಲೆ ಕಥೆ ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ಇವರು ಮತ್ತೆ ಸೇರಬೇಕು ಎಂಬ ಆಸೆಯನ್ನು ಆ ಪೀಠಿಕೆ ಹುಟ್ಟಿಸುವುದಿಲ್ಲ, ಇವರ ನಡುವೆ ಏನೋ ಬಾಕಿಯಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಫ್ಲ್ಯಾಶ್‌ಬ್ಯಾಕ್ ದಾರಿಯಲ್ಲಿ ಕೀಲಿ ಕೈಗೆ ಬಂದೊಡನೆ ಹಿಂದಿನ ದಿನಕ್ಕೆ ಹೋಗುತ್ತೇವೆ. 110 ನಿಮಿಷಕ್ಕೆ ಇಂಥ ತುಣುಕು ನಾಲ್ಕು ಸಾಕು, ಒಂದೊಂದೂ ಒಂದೂವರೆ ನಿಮಿಷ ದಾಟಬಾರದು. ಏಳೆಂಟು ತುಣುಕು ಹಾಕಿದ ಕರಡಿನಲ್ಲಿ ಮೊದಲು ಸತ್ತದ್ದು ಹಾಸ್ಯ. ನಗು ಒಂದರ ಮೇಲೊಂದು ಏರಿ ಬರುವಂಥದ್ದು. ಡೇಟಿಂಗ್ ದೃಶ್ಯದಲ್ಲಿ ಮೊದಲ ಎಡವಟ್ಟಿಗೆ ತುಟಿ ಅರಳಿ, ಎರಡನೆಯದಕ್ಕೆ ನಗು ಬಂದು, ಮೂರನೆಯದಕ್ಕೆ ಸಿಡಿಯುವ ಹೊತ್ತಿಗೆ ನಡುವೆ ಏಳು ವರ್ಷದ ಹಿಂದಿನ ಮಳೆ ಸುರಿಸಿದರೆ ಏರಿದ್ದೆಲ್ಲ ಇಳಿದುಹೋಗುತ್ತದೆ. ಹಾಗಾಗಿ ನಗೆದೃಶ್ಯದ ಒಳಗಿಂದ ಫ್ಲ್ಯಾಶ್‌ಬ್ಯಾಕಿಗೆ ಹೋಗಲೇಬೇಡಿ. ದೃಶ್ಯ ಮುಗಿಯಲಿ, ಅವಳು ಒಬ್ಬಳೇ ಆಗಲಿ, ಆಮೇಲೆ ಹೋಗಿ.

ಇನ್ನೊಂದು ದೋಷ ಸೂಕ್ಷ್ಮವಾದದ್ದು, ಕರಡು ಕೈಯಲ್ಲಿರುವಾಗ ಬೇಗ ಕಣ್ಣಿಗೆ ಬೀಳುವುದಿಲ್ಲ. ತುಣುಕಿಗೆಂದು ಆರಿಸಿಕೊಳ್ಳುವ ನೆನಪುಗಳೆಲ್ಲ ತಾವಾಗಿಯೇ ಸಿಹಿಯಾಗಿಬಿಡುತ್ತವೆ. ಹಳಬ ನಾಲ್ಕು ಚಂದದ ತುಣುಕಿನಲ್ಲಿ ಬರುತ್ತಾನೆ. ಹೊಸಬ ಬಿಲ್ಲು, ಟ್ರಾಫಿಕ್ಕು, ಆಫೀಸು ಎಲ್ಲದರ ನಡುವೆ ಬದುಕಬೇಕು. ಸ್ಪರ್ಧೆ ಸಮವೇ ಅಲ್ಲ. ಇದಕ್ಕೆ ನಾವು ಕಂಡುಕೊಂಡ ಮದ್ದು, ಪ್ರತಿ ಫ್ಲ್ಯಾಶ್‌ಬ್ಯಾಕೂ ಅದಕ್ಕೆ ಸ್ವಲ್ಪ ಮೊದಲು ಯಾರೋ ಆಡಿದ ಮಾತನ್ನು ಸುಳ್ಳು ಮಾಡಬೇಕು. ‘ಅವನೇ ಬಿಟ್ಟುಹೋದ’ ಎಂದು ಅವಳು ಹೇಳಿದ್ದರೆ, ಅವನು ಬಾಗಿಲ ಹೊರಗೆ ಅರ್ಧ ಗಂಟೆ ಕಾದದ್ದನ್ನು ತೋರಿಸಿ. ಬರೀ ಸಮರ್ಥನೆಗೆ ಬರುವ ತುಣುಕನ್ನು ತೆಗೆದುಹಾಕಿ.

ಖರ್ಚಿನ ಮಾತೂ ಇದೆ. ಪ್ರತಿ ತುಣುಕಿಗೂ ಕೂದಲು, ಬಟ್ಟೆ, ಫೋನಿನ ಮಾಡೆಲ್, ಗೋಡೆಯ ಬಣ್ಣ ಬೇರೆಯಾಗಬೇಕು. ಚಿತ್ರೀಕರಣದಲ್ಲಿ ದೃಶ್ಯಗಳನ್ನು ಕ್ರಮವಾಗಿ ತೆಗೆಯುವುದಿಲ್ಲವಾದ್ದರಿಂದ ಕಂಟಿನ್ಯೂಟಿ, ಅಂದರೆ ಒಂದು ದೃಶ್ಯದ ವಿವರ ಇನ್ನೊಂದಕ್ಕೆ ಹೊಂದುವುದು, ತಪ್ಪುವುದು ಇಲ್ಲೇ. ಹಳೇ ಕಾಲದ ದೃಶ್ಯಗಳನ್ನೆಲ್ಲ ಒಂದೇ ಮನೆಯೊಳಗೆ ಬರೆದುಕೊಂಡರೆ ಒಟ್ಟಿಗೆ ತೆಗೆದು ಮುಗಿಸಬಹುದು.

ಈಗ ಮೂರನೆಯದು, ನಮ್ಮ ಒಲವು ಇದರ ಕಡೆಗೇ. ಕೀಲಿಯ ದೃಶ್ಯ ಹೀಗಾಗುತ್ತದೆ. ಹಳಬ ಕೀಲಿ ಕೊಟ್ಟು ಹೋಗುತ್ತಾನೆ. ಗೆಳತಿ ಕೇಳುತ್ತಾಳೆ:

‘ಏನೇ ಅದು?’

‘ಏನಿಲ್ಲ. ಹಳೇ ಕೀಲಿ.’

‘ಯಾವ ಮನೇದು?’

‘ಯಾವುದೋ. ನಡಿ, ಹೊತ್ತಾಯ್ತು.’

ಹತ್ತು ನಿಮಿಷದ ಮೇಲೆ, ಎರಡನೇ ಡೇಟಿನಲ್ಲಿ, ಬ್ಯಾಗಿನಿಂದ ಕೀಲಿ ಕೆಳಗೆ ಬೀಳುತ್ತದೆ. ಹೊಸಬ ಎತ್ತಿಕೊಡುತ್ತಾನೆ. ‘ಆಫೀಸ್ ಡ್ರಾಯರ್‌ದು’ ಎನ್ನುತ್ತಾಳೆ. ಯಾರೂ ಕೇಳದಿದ್ದಾಗ ಹೇಳಿದ ಸುಳ್ಳು ಅದು. ಫ್ಲ್ಯಾಶ್‌ಬ್ಯಾಕ್ ಒಂದೂ ಇಲ್ಲದೆ, ಆ ಮನೆಯಲ್ಲಿ ಏನೋ ನಡೆದಿದೆ ಎಂದು ಪ್ರೇಕ್ಷಕನಿಗೆ ಗೊತ್ತಾಯಿತು, ಹೊಸಬನ ಮೇಲೆ ಕನಿಕರವೂ ಹುಟ್ಟಿತು. ಮೊದಲೆರಡು ದಾರಿಗಳಲ್ಲಿ ಹೊಸಬನಿಗೆ ಇಷ್ಟು ಬೇಗ ಈ ಜಾಗ ಸಿಗಲೇ ಇಲ್ಲ.

ಇದಕ್ಕೆ ಬೆನ್ನೆಲುಬು ಮೂರು ಹೇಳಿಕೆಗಳು. ಅವಳು ಗೆಳತಿಗೆ ಹೇಳುವುದು ಒಂದು, ಹೊಸಬನಿಗೆ ಹೇಳುವುದು ಇನ್ನೊಂದು, ಕೊನೆಗೆ 70ನೇ ನಿಮಿಷದ ಹೊತ್ತಿಗೆ ಹಳಬ ತನ್ನ ಕಡೆಯದ್ದನ್ನು ಹೇಳುವುದು. ಮೂರೂ ಒಂದಕ್ಕೊಂದು ಪೂರ್ತಿ ಹೊಂದಬಾರದು. ಬರೆಯುವ ಮೊದಲು ನಿಜವಾಗಿ ನಡೆದದ್ದನ್ನು ಅರ್ಧ ಪುಟದಲ್ಲಿ ಬರೆದಿಟ್ಟುಕೊಂಡು, ಪ್ರತಿ ಹೇಳಿಕೆಯಲ್ಲಿ ಯಾವ ಒಂದು ಸಂಗತಿ ಬಿಟ್ಟುಹೋಗುತ್ತದೆ ಎಂದು ಅಂಚಿನಲ್ಲಿ ಗುರುತಿಸಿ. ಒಂದೇ ಸಂಗತಿ, ಎರಡಲ್ಲ. ಎರಡಾದರೆ ಅವಳು ಮೋಸಗಾತಿಯಂತೆ ಕಾಣುತ್ತಾಳೆ.

ಹಾಳಾಗುವುದು ಹೇಗೆ? ಸಾಮಾನ್ಯವಾಗಿ ‘ನೆನಪಿದೆಯಾ, ಆವತ್ತು ನಾವು…’ ಎಂದು ಶುರುವಾಗುವ ಮಾತಿನಿಂದ. ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರಿಗೊಬ್ಬರು ವಿವರಿಸುವ ಆ ಸಾಲು ಕಂಡಲ್ಲಿ ಅಳಿಸಿ. ಗೊತ್ತಿರುವ ಇಬ್ಬರು ಹಳೆಯದನ್ನು ಹೇಳಿಕೊಳ್ಳುವುದಿಲ್ಲ, ಅದರ ಬಗ್ಗೆ ಜಗಳವಾಡುತ್ತಾರೆ: ‘ಕೀಲಿ ನಿನ್ನ ಹತ್ತಿರ ಇತ್ತು’, ‘ಬಾಗಿಲು ನೀನು ಹಾಕಿದ್ದು’. ಒಬ್ಬರ ಮಾತು ಸತತ ಐದು ಸಾಲು ದಾಟಿದರೆ ಯಾರಾದರೂ ತಡೆಯಲಿ, ಫೋನು ಬರಲಿ, ಹಾಲು ಉಕ್ಕಲಿ. 1940ರ ಇನ್ನೊಂದು ಚಿತ್ರ ‘ಹಿಸ್ ಗರ್ಲ್ ಫ್ರೈಡೇ’ಯಲ್ಲಿ ಬಿಟ್ಟುಹೋದ ಹೆಂಡತಿ ಮಾಜಿ ಗಂಡನ ಪತ್ರಿಕಾ ಕಚೇರಿಗೆ ಬಂದು, ತಾನು ಬೇರೆಯವನನ್ನು ಮದುವೆಯಾಗುತ್ತಿದ್ದೇನೆ ಎಂದು ಹೇಳುತ್ತಾಳೆ. ಹಿಂದಿನ ಒಂದು ದೃಶ್ಯವೂ ಇಲ್ಲ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವ ವೇಗದಲ್ಲೇ ಆ ಸಂಸಾರ ಹೇಗಿತ್ತೆಂದು ಗೊತ್ತಾಗಿಬಿಡುತ್ತದೆ. ಎರಡೂ ಚಿತ್ರಗಳಲ್ಲಿ ಮಾಜಿ ಗಂಡನಾಗಿರುವವನು ಕ್ಯಾರಿ ಗ್ರಾಂಟ್. ಪೀಠಿಕೆ ಇರುವುದನ್ನೂ ಇಲ್ಲದಿರುವುದನ್ನೂ ಒಟ್ಟಿಗೆ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ಗೆಳತಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ದಾರಿ ಆರಿಸುವಾಗ ಹೆಚ್ಚಿನವರು ಮರೆಯುವುದು ಅವಳನ್ನೇ. ಅವಳು ಕಾಲೇಜಿನ ಗೆಳತಿಯೋ, ಇತ್ತೀಚಿನವಳೋ? ಹಳಬ ಇದ್ದ ಕಾಲದಲ್ಲೂ ಜೊತೆಗಿದ್ದವಳಾದರೆ ಅವಳಿಗೆ ಎಲ್ಲ ಗೊತ್ತು. ಗೊತ್ತಿರುವವಳಿಗೆ ನಾಯಕಿ ಕಥೆ ಹೇಳುವುದು ಹೇಗೆ? ಪೀಠಿಕೆಯ ದಾರಿಯಲ್ಲಿ ಇದು ತೊಡಕಲ್ಲ, ಹಳೇ ಗೆಳತಿ ಚೆನ್ನಾಗಿ ಹೊಂದುತ್ತಾಳೆ. ಮಾತಿನ ದಾರಿಯಲ್ಲಿ ಮಾತ್ರ ಗೆಳತಿ ಹಳಬನ ನಂತರ ಬಂದವಳಾಗಿರಬೇಕು. ಇಲ್ಲವೇ, ಇದು ಇನ್ನೂ ಗಟ್ಟಿ ಆಯ್ಕೆ, ಅವಳಿಗೆ ನಾಯಕಿಗೂ ಗೊತ್ತಿಲ್ಲದ ನಾಲ್ಕನೇ ಹೇಳಿಕೆಯೊಂದು ಗೊತ್ತಿರಬೇಕು. ಬಿಟ್ಟುಹೋದ ಮೇಲೆ ಹಳಬ ಗೆಳತಿಗೆ ಫೋನು ಮಾಡಿದ್ದ, ಅವಳು ಅದನ್ನು ಹೇಳಲೇ ಇಲ್ಲ. ಹೀಗೆ ಮಾಡಿದಾಗ 80ನೇ ನಿಮಿಷದಲ್ಲಿ ಮುರಿಯುವುದು ಪ್ರೀತಿಯೊಂದೇ ಅಲ್ಲ, ಗೆಳೆತನವೂ ಮುರಿಯುತ್ತದೆ. ಆ ಮುರಿತವೇ ಹೆಚ್ಚು ನೋಯಿಸುತ್ತದೆ. ಅವಳು ಬರೀ ಕಿವಿಯಾಗಿದ್ದಾಳೋ ಪಾತ್ರವಾಗಿದ್ದಾಳೋ ಎಂದು ತಿಳಿಯಲು ಅವಳ ಸಾಲುಗಳನ್ನೆಲ್ಲ ಒಂದು ಸಲ ತೆಗೆದು ಓದಿ. ಕಥೆ ಹಾಗೇ ನಿಂತರೆ ಅವಳಿಗಿನ್ನೂ ಕೆಲಸ ಸಿಕ್ಕಿಲ್ಲ.

ಮೂರೂ ದಾರಿಗೆ ಸಮಾನವಾದ ಒಂದು ಕಂದಕ ಫೋನು. ಇಬ್ಬರೂ ಏಳು ವರ್ಷ ಸಂಪರ್ಕದಲ್ಲೇ ಇರಲಿಲ್ಲ ಎಂದರೆ ಇವತ್ತಿನ ಪ್ರೇಕ್ಷಕ ಒಪ್ಪುವುದಿಲ್ಲ. ನಂಬರ್ ಬ್ಲಾಕ್ ಮಾಡಿದ್ದು ಯಾರು, ಪ್ರೊಫೈಲ್ ಕದ್ದು ನೋಡುತ್ತಿದ್ದದ್ದು ಯಾರು ಎಂದು ಬರೆಯುವವರಿಗೆ ಗೊತ್ತಿರಬೇಕು. ಹಳಬ ಆಕಸ್ಮಿಕವಾಗಿ ಎದುರಾಗುವುದಕ್ಕಿಂತ ಬೇಕೆಂದೇ ಬಂದದ್ದು ಚೆನ್ನ. ಆಕಸ್ಮಿಕ ಬೇಕೇ ಬೇಕು ಎಂದರೆ ಇಡೀ ಕಥೆಗೆ ಒಂದೇ ಇರಲಿ, ಅದು ಪಾತ್ರಗಳನ್ನು ಕಷ್ಟಕ್ಕೆ ತಳ್ಳಲಿ. ಕಷ್ಟದಿಂದ ಎತ್ತುವ ಆಕಸ್ಮಿಕ ಮೋಸದಂತೆ ಕಾಣುತ್ತದೆ.

ಹಾಗಾದರೆ ಯಾವುದು ಯಾರಿಗೆ? ನಾಯಕಿ ಕೊನೆಗೆ ಹಳಬನನ್ನೇ ಸೇರುವುದಾದರೆ ಎರಡು ನಿಮಿಷದ ಪೀಠಿಕೆ ಸಾಕು, ನೇರ ದಾರಿ ಅದು. ಹಳೇ ಪ್ರೀತಿ ಅವಳ ನೆನಪಿನಲ್ಲಿ ಮಾತ್ರ ಅಷ್ಟು ಚಂದವಿತ್ತು ಎಂಬುದೇ ಕಥೆಯ ತಿರುಳಾದರೆ ಫ್ಲ್ಯಾಶ್‌ಬ್ಯಾಕ್ ಆರಿಸಿ, ನಾಲ್ಕನೇ ತುಣುಕಿನಲ್ಲಿ ಮೊದಲನೆಯದನ್ನೇ ಇನ್ನೊಂದು ಕಡೆಯಿಂದ ತೋರಿಸಿ. ಹೊಸಬ, ಹಳಬ, ಒಂಟಿ ಬದುಕು ಮೂರೂ ಕೊನೆಯವರೆಗೆ ತೂಗುತ್ತಿರಬೇಕಾದರೆ ಮಾತಿನ ದಾರಿ. ನಟರು ಹೊಸಬರಾಗಿದ್ದು, ತಡೆಹಿಡಿದು ಮಾತಾಡುವುದು ಅವರಿಗೆ ಇನ್ನೂ ಒಗ್ಗಿಲ್ಲವಾದರೆ ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು. ಸುಳ್ಳು ಸುಳ್ಳೆಂದು ಮುಖದಲ್ಲಿ ಕಾಣದಿದ್ದರೆ ‘ಆಫೀಸ್ ಡ್ರಾಯರ್‌ದು’ ಎಂಬ ಸಾಲು ಬರೀ ಮಾಹಿತಿಯಾಗಿ ಉಳಿಯುತ್ತದೆ.

ಆರಿಸಿದ ಮೇಲೆ ಕರಡನ್ನು ಕಥೆ ಗೊತ್ತಿಲ್ಲದ ಮೂವರ ಎದುರು ಓದಿಸಿ. 30, 60, 90ನೇ ನಿಮಿಷದಲ್ಲಿ ನಿಲ್ಲಿಸಿ, ‘ಅವಳು ಯಾರ ಜೊತೆ ಇರಬೇಕು?’ ಎಂಬ ಪ್ರಶ್ನೆಗೆ ಒಬ್ಬರದನ್ನೊಬ್ಬರು ನೋಡದಂತೆ ಚೀಟಿಯಲ್ಲಿ ಬರೆಸಿ. 30ರಲ್ಲೇ ಮೂರೂ ಚೀಟಿಯಲ್ಲಿ ಒಂದೇ ಉತ್ತರ ಬಂದರೆ 22ನೇ ನಿಮಿಷಕ್ಕೆ ಹಿಂದಿರುಗಿ, ಹಳಬ ಬಾಗಿಲು ತಟ್ಟಿದ ದೃಶ್ಯದಿಂದ ಮತ್ತೆ ಬರೆಯಿರಿ.