ಮೊನೆ ಮೇಲಾಗಿ ಓಡುವ ಫ್ಲೈ: ಡಂಬೆಲ್ ಕಣ್ಣಿನ ಜೊತೆ ಮೂರು ವರ್ಷ

ಹ್ಯಾರಿಸ್‌ಬರ್ಗ್ (ಅಮೆರಿಕದ ಪೆನ್ಸಿಲ್ವೇನಿಯಾ) ಹತ್ತಿರ ಸಸ್ಕ್ವಿಹ್ಯಾನ ಹೊಳೆ ಸುಮಾರು ಒಂದು ಮೈಲಿ ಅಗಲ. ಬೇಸಿಗೆಯಲ್ಲಿ ಎಷ್ಟೋ ಕಡೆ ಮೊಣಕಾಲುದ್ದವೇ ನೀರು. ತಳದಲ್ಲಿ ಬಂಡೆ, ಬಂಡೆಗಳ ನಡುವೆ ಸಂದು. ಸ್ಮಾಲ್‌ಮೌತ್ ಬಾಸ್ ಮೀನು ಇರುವುದೂ ಅಲ್ಲೇ, ಗಾಳ ಸಿಕ್ಕಿಕೊಳ್ಳುವುದೂ ಅಲ್ಲೇ. ಮೊದಲ ವರ್ಷ ಸಂಜೆಗೆ ಆರೇಳು ಫ್ಲೈ (ಗಾಳಕ್ಕೆ ಕೂದಲು, ದಾರ ಕಟ್ಟಿ ಮಾಡಿದ ಹುಸಿ ಎರೆ) ಹೊಳೆಗೆ ದಾನ ಮಾಡಿದ್ದೇನೆ.

ಆಮೇಲೆ ಫ್ಲೈಗೆ ಭಾರಕ್ಕೆ ಕಟ್ಟುವ ಸೀಸದ ಡಂಬೆಲ್ ಕಣ್ಣು ತಂದೆ. ಎರಡು ಗುಂಡು, ನಡುವೆ ಸಣ್ಣ ಸೊಂಟ, ಅಷ್ಟೇ. ಬಾಬ್ ಕ್ಲೌಸರ್ 1980ರ ದಶಕದಲ್ಲಿ ಇದೇ ಹೊಳೆಯ ಬಾಸ್‌ಗಾಗಿ ಇಂಥ ಕಣ್ಣು ಕಟ್ಟಿ ಕ್ಲೌಸರ್ ಮಿನ್ನೋ ಎಂಬ ಫ್ಲೈ ಮಾಡಿದರು. ಕಣ್ಣನ್ನು ಗಾಳದ ಕಡ್ಡಿಯ ಮೇಲೆ, ಅಂದರೆ ಮೊನೆಗೆ ಎದುರು ಬದಿಯಲ್ಲಿ ಕಟ್ಟಬೇಕು. ನೀರಿಗೆ ಬಿದ್ದಾಗ ಭಾರ ಕೆಳಗಾಗಿ ಫ್ಲೈ ಮಗುಚುತ್ತದೆ, ಮೊನೆ ಮೇಲಾಗುತ್ತದೆ. ಮೊನೆಯ ಬದಿಗೆ ಕಟ್ಟಿದ ಜಿಂಕೆ ಬಾಲದ ಕೂದಲು ಅದಕ್ಕೆ ಮರೆಯೂ ಆಗುತ್ತದೆ.

ಹೇಳಿದಷ್ಟು ಸುಲಭವಲ್ಲ ಬಿಡಿ. ನಾಲ್ಕು ಮೀನು ಕಚ್ಚುವಷ್ಟರಲ್ಲಿ ಕಣ್ಣು ಕಡ್ಡಿಯ ಸುತ್ತ ತಿರುಗಿ, ಫ್ಲೈ ಪಕ್ಕಕ್ಕೆ ವಾಲಿ ಈಜುತ್ತಿತ್ತು. ಮಾಲೇ ಸರಿಯಿಲ್ಲ ಅಂತ ಬೈದೆ. ತಪ್ಪು ನನ್ನ ಕಟ್ಟಿನದು. ಈಗ ಕಡ್ಡಿಗೆ ಮೊದಲು ದಾರ ಸುತ್ತಿ, ಕಣ್ಣನ್ನು ಎಂಟರ ಆಕಾರದಲ್ಲಿ ಬಿಗಿಯುತ್ತೇನೆ. ಆಮೇಲೆ ಕಣ್ಣಿಗೂ ಕಡ್ಡಿಗೂ ನಡುವೆ ಅಡ್ಡಡ್ಡ ಐದಾರು ಸುತ್ತು, ಒಂದು ಹನಿ ಸೂಪರ್ ಗ್ಲೂ. ಆಮೇಲೆ ತಿರುಗಿದ್ದು ಕಡಿಮೆ.

ಇನ್ನೊಂದು ತಪ್ಪು ಕೂದಲಿನದು. ಚೆನ್ನಾಗಿ ಕಾಣಲಿ ಅಂತ ಜಾಸ್ತಿ ಹಾಕುತ್ತಿದ್ದೆ. ಹಾಗೆ ಮಾಡಿದರೆ ಫ್ಲೈ ಬೇಗ ಮುಳುಗುವುದಿಲ್ಲ. ಬೆಂಕಿಕಡ್ಡಿ ದಪ್ಪದ ಕಟ್ಟು ಸಾಕು.

ಬಕೆಟ್‌ನಲ್ಲಿ ಸುಮ್ನೆ ಬಿಟ್ಟು ನೋಡಿದರೆ ಸಾಲದು, ದಾರ ಕಟ್ಟಿ ಎಳೆದು ನೋಡಿ. ನಿಂತಾಗ ನೆಟ್ಟಗಿದ್ದದ್ದು ಎಳೆದಾಗ ವಾಲುವುದುಂಟು. ನಾನು ಸ್ನಾನದ ತೊಟ್ಟಿಯಲ್ಲಿ ನೋಡುತ್ತೇನೆ. ಮನೆಯಾಕೆಗೆ ಅದು ಇಷ್ಟವಿಲ್ಲ.

4ನೇ ನಂಬರಿನ ಗಾಳಕ್ಕೆ 1/30 ಔನ್ಸ್ ಕಣ್ಣು ನನಗೆ ಸರಿಹೋಗಿದೆ. ಅದಕ್ಕಿಂತ ಭಾರದ 1/24 ಕಟ್ಟಿದಾಗ ನನ್ನ ಮಧ್ಯಮ ಬಲದ (6 ವೆಯ್ಟ್) ಗಾಳದ ಕೋಲು ಏದುಸಿರು ಬಿಡುತ್ತದೆ. ಒಮ್ಮೆ ತಲೆಯ ಹಿಂಭಾಗಕ್ಕೇ ಬಡಿಯಿತು. ಟೋಪಿ, ಕನ್ನಡಕ ಇಲ್ಲದೆ ಬೀಸಬೇಡಿ. ಡಂಬೆಲ್ಲಿನ ಬಣ್ಣ ಬಂಡೆಗೆ ಉಜ್ಜಿ ಒಂದೇ ವಾರದಲ್ಲಿ ಹೋಯಿತು. ಮೀನಿಗೇನೂ ಬೇಜಾರಾದ ಹಾಗಿಲ್ಲ.

ದಾರ ಕಟ್ಟುವ ತುದಿ ಬಾಗಿದ ಜಿಗ್ ಗಾಳಕ್ಕೆ ಸೀಳಿರುವ ಟಂಗ್‌ಸ್ಟನ್ ಮಣಿ ಹಾಕಿಯೂ ನೋಡಿದೆ. ಕಟ್ಟುವುದು ಸುಲಭ, ಸಣ್ಣ ಫ್ಲೈಗೆ ಚೆನ್ನ. ಆದರೆ ಮಣಿ ಚಿಕ್ಕದಾಗಿ ಬಾಲ ದೊಡ್ಡದಾದರೆ ಮಲಗಿಬಿಡುತ್ತದೆ. ಜಿಗ್ ಗಾಳ ಅಂದ ಮಾತ್ರಕ್ಕೆ ಮೊನೆ ಮೇಲಿರುತ್ತದೆ ಅಂತ ನಂಬಬೇಡಿ.

ಈಗ ಸಂಜೆಗೆ ಒಂದೆರಡು ಫ್ಲೈ ಮಾತ್ರ ಹೋಗುತ್ತದೆ. ಅದೂ ಮೊನೆ ಸಿಕ್ಕಿಯಲ್ಲ, ಡಂಬೆಲ್ಲೇ ಸಂದಿಗೆ ಬೆಣೆಯಂತೆ ಕೂತುಬಿಡುತ್ತದೆ. ಹೊಳೆಯ ಮೇಲ್ಗಡೆಗೆ ನಡೆದು ಎಳೆದರೆ ಎಷ್ಟೋ ಸಲ ಬಿಡುತ್ತದೆ. ಬಿಡದಿದ್ದಾಗ ಹೊಳೆಯಲ್ಲಿ ಸೀಸ ಬಿಟ್ಟು ಬಂದೆನಲ್ಲ ಅನಿಸುತ್ತದೆ. ಈ ಪ್ಯಾಕೆಟ್ ಮುಗಿದ ಮೇಲೆ ಹಿತ್ತಾಳೆಯದು ತರಿಸುತ್ತೇನೆ. ಅದು ಸೀಸಕ್ಕಿಂತ ಹಗುರ, ಒಂದು ಸೈಜು ದೊಡ್ಡದೇ ಬೇಕಾಗುತ್ತದೆ.